ಹತ್ತು ವಾರ ತಯಾರಿ, ಮೂರು ದಿನ ಆಟ: ಕಾಲೇಜು ಬಾಸ್ಕೆಟ್‌ಬಾಲ್ ತಂಡವನ್ನು ಸೀಸನ್‌ಗೆ ಅಣಿಗೊಳಿಸುವ ಬಗೆ

ಅಮೆರಿಕದ ಕಾಲೇಜು ತಂಡಗಳ ಸೀಸನ್ ನವೆಂಬರ್‌ನಲ್ಲಿ ಶುರುವಾಗಿ ಮಾರ್ಚ್‌ವರೆಗೆ ನಡೆಯುತ್ತದೆ. ಒಂದೊಂದು ತಂಡವೂ ಮೂವತ್ತರ ಆಸುಪಾಸು ಪಂದ್ಯ ಆಡುತ್ತದೆ. ಮೊದಲ ವಾರ ಮುಗ್ಗರಿಸಿದರೂ ಡಿಸೆಂಬರ್ ಹೊತ್ತಿಗೆ ತಿದ್ದಿಕೊಳ್ಳಲು ಅವರಿಗೆ ಸಮಯವಿದೆ. ನಮ್ಮ ವಿಶ್ವವಿದ್ಯಾಲಯಗಳ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಹಾಗಿಲ್ಲ. ಎರಡು ಮೂರು ದಿನದಲ್ಲಿ ಎಲ್ಲವೂ ಮುಗಿದುಹೋಗುತ್ತದೆ. ಮೊದಲ ಪಂದ್ಯದಲ್ಲೇ ಸೋತವರ ಸೀಸನ್ 40 ನಿಮಿಷದ್ದು.

ಹಾಗಾಗಿ ತಯಾರಿಯ ಲೆಕ್ಕ ಡ್ರಾದಿಂದ, ಅಂದರೆ ಯಾರು ಯಾರೊಡನೆ ಆಡಬೇಕೆಂಬ ಪಟ್ಟಿಯಿಂದ ಶುರುವಾಗಬೇಕು. 22 ತಂಡ ಬಂದಿವೆ ಎಂದುಕೊಳ್ಳಿ. ನಾಕ್‌ಔಟ್‌ಗೆ 2, 4, 8, 16, 32 ಈ ಸರಣಿಯಲ್ಲಿ 22ರ ಮೇಲಿನ ಸಂಖ್ಯೆ 32. ಅದರಲ್ಲಿ 22 ಕಳೆದರೆ 10 ತಂಡಕ್ಕೆ ಬೈ (ಮೊದಲ ಸುತ್ತು ಆಡದೆ ನೇರ ಎರಡನೆಯದಕ್ಕೆ ಹೋಗುವ ಅವಕಾಶ) ಸಿಗುತ್ತದೆ, ಉಳಿದ 12 ತಂಡ ಮೊದಲ ಸುತ್ತು ಆಡಬೇಕು. ಬೈ ಹಂಚುವ ಕ್ರಮ ದೈಹಿಕ ಶಿಕ್ಷಣ ಓದಿದವರಿಗೆ ಬಾಯಿಪಾಠ: ಮೊದಲ ಬೈ ಕೆಳ ಅರ್ಧದ ಕೊನೆಯ ತಂಡಕ್ಕೆ, ಎರಡನೆಯದು ಮೇಲಿನ ಅರ್ಧದ ಮೊದಲ ತಂಡಕ್ಕೆ, ಮೂರನೆಯದು ಕೆಳ ಅರ್ಧದ ಮೊದಲ ತಂಡಕ್ಕೆ, ನಾಲ್ಕನೆಯದು ಮೇಲಿನ ಅರ್ಧದ ಕೊನೆಯ ತಂಡಕ್ಕೆ, ಹೀಗೇ ಮುಂದೆ. ನಾಲ್ಕು ತಂಡ ಉಳಿಯುವವರೆಗೆ ನಾಕ್‌ಔಟ್, ಆಮೇಲೆ ಲೀಗ್ ಎಂದಿದ್ದರೆ ಬೈ ಸಿಗದ ತಂಡ ಕಪ್ ಎತ್ತಲು ಆರು ಪಂದ್ಯ ಆಡಬೇಕು: ಮೂರು ನಾಕ್‌ಔಟ್, ಮೂರು ಲೀಗ್. ಮೂರು ದಿನ ಅಂದರೆ ದಿನಕ್ಕೆರಡು. ಬೆಳಿಗ್ಗೆ ಆಡಿದ ಕಾಲಲ್ಲೇ ಸಂಜೆಯೂ ಓಡಬೇಕು.

ಇಲ್ಲಿ ಸೋಲುವ ತಂಡಗಳು ಬಹುಪಾಲು ಆಟ ಬಾರದೆ ಸೋಲುವುದಿಲ್ಲ. ಎರಡನೇ ದಿನ ಮಧ್ಯಾಹ್ನ ಕಾಲು ಎತ್ತಲಾಗದೆ, ಐದೇ ಜನರನ್ನು ನಂಬಿ, ಫ್ರೀ ಥ್ರೋ (ಎದುರಾಳಿಯ ಫೌಲ್‌ಗೆ ಸಿಗುವ, ಯಾರೂ ತಡೆಯದ ಹೊಡೆತ) ಕೈಚೆಲ್ಲಿ ಸೋಲುತ್ತವೆ. ಮುಂದೆ ಹೇಳುವುದೆಲ್ಲ ಆ ಎರಡನೇ ದಿನದ ಮಧ್ಯಾಹ್ನವನ್ನು ಕಣ್ಣಮುಂದಿಟ್ಟುಕೊಂಡು.

ಮೊದಲ ವಾರ: ಕಾಗದ ಮತ್ತು ಕೋರ್ಟ್

ಅರ್ಹತಾ ಫಾರಂ ಕೆಲಸವನ್ನು ಕೊನೆಯ ವಾರಕ್ಕೆ ಬಿಡಬೇಡಿ. ಕ್ಯಾಂಪ್‌ಗೆ ಬಂದ ಮೊದಲ ದಿನವೇ ಪ್ರತಿಯೊಬ್ಬರಿಂದ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಯುಸಿ ಅಥವಾ ಡಿಪ್ಲೊಮಾ ಅಂಕಪಟ್ಟಿ, ಹಿಂದಿನ ಸೆಮಿಸ್ಟರಿನ ಅಂಕಪಟ್ಟಿ, ಈ ವರ್ಷದ ಶುಲ್ಕದ ರಸೀದಿ, ಕಾಲೇಜಿನ ಗುರುತಿನ ಚೀಟಿ, ಇವುಗಳ ಮೂರು ಮೂರು ಪ್ರತಿ ಮತ್ತು ಆರು ಪಾಸ್‌ಪೋರ್ಟ್ ಫೋಟೊ ಪಡೆದು ಹೆಸರು ಬರೆದ ಕವರಿನಲ್ಲಿಡಿ. ವಯಸ್ಸು ಎಷ್ಟಿರಬೇಕು, ಪಿಯುಸಿ ಮುಗಿಸಿ ಎಷ್ಟು ವರ್ಷ ಕಳೆದಿರಬಹುದು ಎಂಬುದನ್ನು ಹಿರಿಯರ ಬಾಯಿಂದ ಕೇಳಿ ನಂಬುವ ಬದಲು ಆ ವರ್ಷದ ವಿಶ್ವವಿದ್ಯಾಲಯದ ಸುತ್ತೋಲೆಯಲ್ಲೇ ಓದಿ.

ಹೆಚ್ಚಾಗಿ ತೊಡಕಾಗುವುದು ಇನಿಷಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ‘ಮಂಜುನಾಥ ಕೆ.’ ಎಂದಿದ್ದವನು ಕಾಲೇಜಿನ ದಾಖಲೆಯಲ್ಲಿ ‘ಕೆ. ಎಂ. ಮಂಜುನಾಥ್’ ಆಗಿರುತ್ತಾನೆ. ತಕರಾರು ತೆಗೆಯುವ ಎದುರಾಳಿಗೆ ಅಷ್ಟು ಸಾಕು. ಫಾರಂನಲ್ಲಿ ಎಸ್ಸೆಸ್ಸೆಲ್ಸಿಯಲ್ಲಿರುವಂತೆಯೇ ಬರೆದು, ಇಬ್ಬರೂ ಒಬ್ಬರೇ ಎಂದು ಪ್ರಾಂಶುಪಾಲರಿಂದ ಒಂದು ಪತ್ರ ಮಾಡಿಸಿಟ್ಟುಕೊಳ್ಳಿ. ಕಾಲೇಜಿನ ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬಿದ್ದಿರಬೇಕು.

ಇನ್ನು ಕೋರ್ಟ್. ನಮ್ಮ ಅನೇಕ ಕಾಲೇಜುಗಳ ಸಿಮೆಂಟ್ ಕೋರ್ಟ್‌ಗಳಲ್ಲಿ ಇನ್ನೂ 2010ಕ್ಕೆ ಹಿಂದಿನ ಗೆರೆಗಳೇ ಇವೆ. ರಿಂಗ್ ಕೆಳಗಿನ ಚೌಕ ಬುಡದಲ್ಲಿ ಅಗಲವಾಗಿ, ಫ್ರೀ ಥ್ರೋ ಗೆರೆಯ ಹತ್ತಿರ ಕಿರಿದಾಗಿದ್ದರೆ ಅದು ಹಳೆಯದು. ಅಂಥ ಕೋರ್ಟ್‌ನಲ್ಲಿ ಮೂರು ಪಾಯಿಂಟ್‌ನ ಕಮಾನೂ 6.25 ಮೀಟರಿನದೇ. ಈಗಿನದು 6.75. ಅರ್ಧ ಮೀಟರ್ ಹತ್ತಿರದಿಂದ ಹತ್ತು ವಾರ ಹೊಡೆದ ಕೈ ಪಂದ್ಯದ ದಿನ ರಿಂಗಿನ ಮುಂಭಾಗಕ್ಕೇ ಹೊಡೆಯುತ್ತದೆ. ಅದಕ್ಕೇ ಮೊದಲು ಗೆರೆ ತಿದ್ದಿ.

ಟೇಪು, ಮೊಳೆ, ದಾರ, ಸೀಮೆಸುಣ್ಣ ಇದ್ದರೆ ಇಬ್ಬರು ಒಂದು ಬೆಳಿಗ್ಗೆಯಲ್ಲಿ ಮುಗಿಸಬಹುದು. ಕೋರ್ಟ್‌ನ ಅಳತೆ 28 × 15 ಮೀಟರ್, ಗೆರೆಯ ಒಳ ಅಂಚಿನಿಂದ ಒಳ ಅಂಚಿಗೆ. ಗೆರೆಯ ದಪ್ಪ 5 ಸೆಂಟಿಮೀಟರ್. ತುದಿಗೆರೆಯ ಒಳ ಅಂಚಿನಿಂದ 1.575 ಮೀಟರ್ ಒಳಗೆ, ಅಗಲದ ಸರಿ ಮಧ್ಯದಲ್ಲಿ ಒಂದು ಗುರುತು ಹಾಕಿ. ರಿಂಗಿನ ನಡುವಿನಿಂದ ತೂಗುಗುಂಡು ಬಿಟ್ಟರೆ ಅದು ಅಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಕಂಬ ವಾಲಿದೆ, ಅದನ್ನು ಮೊದಲು ಸರಿ ಮಾಡಿಸಿ. ಆ ಗುರುತಿನಿಂದ 6.75 ಮೀಟರ್ ದಾರದಲ್ಲಿ ಕಮಾನು ಎಳೆಯಿರಿ. ಈ ಅಳತೆ ಗೆರೆಯ ಹೊರ ಅಂಚಿನದು. ಎರಡೂ ಬದಿಯಲ್ಲಿ ಪಕ್ಕದ ಗೆರೆಯಿಂದ 0.90 ಮೀಟರ್ ದೂರ ಬಂದಾಗ ಕಮಾನು ನಿಂತು ನೇರ ಗೆರೆಯಾಗುತ್ತದೆ. ಅದೇ ಗುರುತಿನಿಂದ 1.25 ಮೀಟರ್ ದಾರದಲ್ಲಿ ಚಾರ್ಜಿಂಗ್ ಫೌಲ್ (ಚೆಂಡಿರುವವನು ತಡೆಯುವವನಿಗೆ ಡಿಕ್ಕಿ ಹೊಡೆಯುವುದು) ಇಲ್ಲದ ಅರ್ಧವೃತ್ತ. ಫ್ರೀ ಥ್ರೋ ಗೆರೆಯ ಹೊರ ಅಂಚು ತುದಿಗೆರೆಯಿಂದ 5.80 ಮೀಟರ್, ಚೌಕದ ಅಗಲ 4.90. ರಿಂಗಿನ ಎತ್ತರ 3.05. ಸಿಮೆಂಟ್ ಮೇಲೆ ಮೇಲೆ ಬಳಿದು ನೆಲ ಏರಿದ ಕಡೆ ರಿಂಗ್ ಐದಾರು ಸೆಂಟಿಮೀಟರ್ ತಗ್ಗಾಗಿರುವುದುಂಟು. ಅದನ್ನೂ ಅಳೆಯಿರಿ.

ಮಳೆಗಾಲದ ಪಾಚಿ ಬರೀ ಪೊರಕೆಗೆ ಹೋಗುವುದಿಲ್ಲ. ಬ್ಲೀಚಿಂಗ್ ಪುಡಿಯನ್ನು ನೀರಲ್ಲಿ ಕಲಸಿ ಹರಡಿ, ಅರ್ಧ ಗಂಟೆ ಬಿಟ್ಟು ಗಡಸು ಬ್ರಶ್‌ನಿಂದ ಉಜ್ಜಿ, ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಮಳೆ ನಿಂತ ಮೇಲೆ ನೀರು ತಳ್ಳಲು ಉದ್ದ ಹಿಡಿಯ ರಬ್ಬರ್ ವೈಪರ್ ಎರಡಾದರೂ ಇರಲಿ. ಬೆಳಗಿನ ಇಬ್ಬನಿಗೂ ಅದು ಬೇಕು. ಒದ್ದೆ ಸಿಮೆಂಟ್ ಮೇಲೆ ಎಂದೂ ಐದು-ಐದು ಆಡಿಸಬೇಡಿ. ಆ ದಿನ ಕಾರಿಡಾರಿನಲ್ಲಿ ಡ್ರಿಬ್ಲಿಂಗ್, ಗೋಡೆಗೆ ಪಾಸು. ಮಂಗಳೂರು, ಉಡುಪಿ ಕಡೆಯ ತಂಡಗಳಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಮುಖ್ಯ ಪಾಠವಾಗಿಬಿಡುತ್ತದೆ. ಚೆಂಡು ಪಳಗಿಸಲು ಅದು ಒಳ್ಳೆಯದೇ.

ಚೆಂಡು ಹುಡುಗರಿಗೆ 7ನೇ ಸೈಜು, ಹುಡುಗಿಯರಿಗೆ 6. ಹದಿನೈದು ಜನರಿಗೆ ಎಂಟು ಚೆಂಡಾದರೂ ಬೇಕು. ಒಂದೇ ಚೆಂಡಿಗೆ ಹತ್ತು ಜನ ಸಾಲು ನಿಂತರೆ ಅಭ್ಯಾಸವೆಲ್ಲ ಕಾಯುವುದರಲ್ಲೇ ಕಳೆಯುತ್ತದೆ. ಸಿಮೆಂಟಿಗೆ ರಬ್ಬರ್ ಚೆಂಡು ಸಾಕು, ಆದರೆ ಪಂದ್ಯದಲ್ಲಿ ಕೊಡುವಂಥ ಚೆಂಡು ಎರಡಿದ್ದರೆ ಕೊನೆಯ ಎರಡು ವಾರ ಅವುಗಳಲ್ಲೇ ಶೂಟ್ ಮಾಡಿಸಿ. ಗಾಳಿ ಸರಿಯಿದೆಯೇ ಎಂದು ನೋಡಲು ಚೆಂಡಿನ ತಳ 1.80 ಮೀಟರ್ ಎತ್ತರದಲ್ಲಿರುವಂತೆ ಹಿಡಿದು ಬಿಡಿ. ಪುಟಿದಾಗ ಅದರ ತಳ ಒಂದು ಮೀಟರಿಗಿಂತ ತುಸು ಮೇಲೆ ಬರಬೇಕು.

ಆಯ್ಕೆ

ಪಂದ್ಯಕ್ಕೆ 12 ಜನ. ಕ್ಯಾಂಪ್‌ಗೆ 15–16 ಜನರನ್ನು ಇಟ್ಟುಕೊಳ್ಳಿ. ಇಂಟರ್ನಲ್ಸ್, ಜ್ವರ, ಮನೆಯ ಮದುವೆ ಎಂದು ಮೂರು ಜನ ಹೇಗೂ ಕಳಚಿಕೊಳ್ಳುತ್ತಾರೆ. ಎತ್ತರ ನೋಡಿ ಮರುಳಾಗುವುದು ಆಯ್ಕೆಯಲ್ಲಿ ನಡೆಯುವ ದೊಡ್ಡ ತಪ್ಪು. ಆರಡಿ ಎರಡಂಗುಲದ ಹುಡುಗ ಚೆಂಡು ಹಿಡಿಯಲಾರದೆ ಎರಡು ಕೈಯಲ್ಲಿ ಗುದ್ದಾಡುತ್ತಿದ್ದರೆ ಹತ್ತು ವಾರದಲ್ಲಿ ಅವನು ಸೆಂಟರ್ (ರಿಂಗಿನ ಹತ್ತಿರ ಆಡುವ ಎತ್ತರದವನು) ಆಗುವುದಿಲ್ಲ. ಮೊದಲ ವರ್ಷದವನಾದರೆ ಮುಂದಿನ ಸೀಸನ್‌ಗೆಂದು ಉಳಿಸಿಕೊಳ್ಳಿ.

ಅಳೆಯಬೇಕಾದ್ದು ನಾಲ್ಕು. ಒಂದು ನಿಮಿಷದಲ್ಲಿ ಎಡ, ಬಲ ಕೈ ಬದಲಿಸುತ್ತ ಎಷ್ಟು ಲೇಅಪ್ (ಓಡಿಬಂದು ರಿಂಗಿನ ಹತ್ತಿರದಿಂದ ಹಾಕುವ ಶಾಟ್). 20 ಫ್ರೀ ಥ್ರೋದಲ್ಲಿ ಎಷ್ಟು. 20 ಮೀಟರ್ ಬೀಪ್ ಟೆಸ್ಟ್‌ನಲ್ಲಿ (ಬರಬರುತ್ತ ಬೇಗವಾಗುವ ಬೀಪ್ ಸದ್ದಿಗೆ ಸರಿಯಾಗಿ ಅತ್ತಿತ್ತ ಓಡುವುದು) ಯಾವ ಹಂತ. ನಾಲ್ಕನೆಯದು ಕಣ್ಣಿಗೆ ಬಿಟ್ಟದ್ದು: ಮೂರು-ಮೂರು ಆಡಿಸಿ, ಚೆಂಡು ಕೈಯಲ್ಲಿಲ್ಲದಾಗ ಯಾರು ಏನು ಮಾಡುತ್ತಾರೆ ನೋಡಿ. ಪಾಸು ಕೊಟ್ಟು ಅಲ್ಲೇ ನಿಂತು ನೋಡುವವನಿಗಿಂತ, ಕೊಟ್ಟ ಮರುಕ್ಷಣ ರಿಂಗಿನತ್ತ ಓಡುವ ಕುಳ್ಳ ಹುಡುಗ ನಿಮಗೆ ಬೇಕಾದವನು. ಹನ್ನೆರಡರಲ್ಲಿ ಒತ್ತಡದಲ್ಲೂ ಚೆಂಡು ತರಬಲ್ಲವರು ಕನಿಷ್ಠ ಮೂವರು ಇರಲಿ. ಇಬ್ಬರೇ ಇದ್ದು ಒಬ್ಬ ಐದು ಫೌಲ್ ಆಗಿ ಹೊರಹೋದರೆ ಅಲ್ಲಿಗೆ ಕಥೆ ಮುಗಿಯಿತು.

ಹತ್ತು ವಾರದ ಹಂಚಿಕೆ

ಮೊದಲೆರಡು ವಾರ ಆಯ್ಕೆ ಮತ್ತು ಕಾಲಿನ ಕೆಲಸ: ನಿಲ್ಲುವುದು, ತಿರುಗುವುದು, ಜಂಪ್ ಸ್ಟಾಪ್ (ಎರಡೂ ಕಾಲೂರಿ ಒಟ್ಟಿಗೆ ನಿಲ್ಲುವುದು), ಪಿವಟ್ (ಒಂದು ಕಾಲೂರಿ ತಿರುಗುವುದು). ಟ್ರಾವೆಲಿಂಗ್ (ಚೆಂಡು ಹಿಡಿದು ಹೆಚ್ಚು ಹೆಜ್ಜೆ ಇಡುವ ತಪ್ಪು) ಸೀಟಿ ಬೀಳುವುದೆಲ್ಲ ಇಲ್ಲಿಯ ಉದಾಸೀನಕ್ಕೇ. ಮೂರರಿಂದ ಐದನೇ ವಾರದವರೆಗೆ ದಮ್ಮು ಮತ್ತು ಮ್ಯಾನ್-ಟು-ಮ್ಯಾನ್ ಡಿಫೆನ್ಸ್ (ಒಬ್ಬೊಬ್ಬರೂ ತಮ್ಮ ಪಾಲಿನ ಎದುರಾಳಿಯನ್ನು ತಡೆಯುವುದು). ಆರು, ಏಳರಲ್ಲಿ ಝೋನ್ (ಆಳಿನ ಬದಲು ಜಾಗ ಕಾಯುವ ಡಿಫೆನ್ಸ್) ಮತ್ತು ಪ್ರೆಸ್ (ಚೆಂಡು ಮಧ್ಯಗೆರೆ ದಾಟುವ ಮೊದಲೇ ಮುತ್ತುವುದು) ಒಡೆಯುವುದು. ಎಂಟರಲ್ಲಿ ಅಭ್ಯಾಸ ಪಂದ್ಯ, ಅದೂ ಬೇಕೆಂದೇ ಒಂದೇ ದಿನ ಎರಡು: ಬೆಳಿಗ್ಗೆ ಒಂದು, ಮಧ್ಯಾಹ್ನ ಮೂರಕ್ಕೆ ಇನ್ನೊಂದು. ಊರಿನ ಕ್ಲಬ್ ತಂಡ ಸಿಕ್ಕರೆ ಎಲ್ಲಕ್ಕಿಂತ ಒಳ್ಳೆಯದು, ಅವರು ತಳ್ಳಾಟಕ್ಕೆ ಹೆದರುವವರಲ್ಲ. ಒಂಬತ್ತನೇ ವಾರ ಕೊನೆಯ ಎರಡು ನಿಮಿಷದ ಸಂದರ್ಭಗಳು. ಹತ್ತನೆಯದರಲ್ಲಿ ಓಟವನ್ನು ಅರ್ಧಕ್ಕೆ ಇಳಿಸಿ ಶೂಟಿಂಗ್ ಮಾತ್ರ ಹಾಗೇ ಇಡಿ. ಹೊರಡುವ ಹಿಂದಿನ ದಿನ ಸುಸ್ತು ಮಾಡಿಸಿದರೆ ಹತ್ತು ವಾರದ ಫಲ ಬಸ್ಸಿನಲ್ಲೇ ಸೋರಿಹೋಗುತ್ತದೆ.

ನಡುವೆ ಇಂಟರ್ನಲ್ಸ್ ಬಂದೇ ಬರುತ್ತದೆ. ಆ ವಾರ ದಿನಕ್ಕೆ 40 ನಿಮಿಷ ಶೂಟಿಂಗ್ ಸಾಕು. ಹಾಜರಾತಿ ಕಡಿಮೆಯಾಗಿ ಪರೀಕ್ಷೆಗೇ ಕೂರಲಾಗದ ಆಟಗಾರ ತಂಡಕ್ಕೂ ಸಿಗುವುದಿಲ್ಲ, ಹಾಗಾಗಿ ವಿಭಾಗದ ಮುಖ್ಯಸ್ಥರಿಗೆ ಕ್ಯಾಂಪ್‌ನ ವೇಳಾಪಟ್ಟಿ ಮೊದಲೇ ಕೊಟ್ಟಿರಿ. ದಸರಾ ಕ್ರೀಡಾಕೂಟಕ್ಕೂ ನಿಮ್ಮ ಒಳ್ಳೆಯ ಹುಡುಗರನ್ನು ತಾಲ್ಲೂಕು, ಜಿಲ್ಲೆ, ವಿಭಾಗ ಎಂದು ಎಳೆದುಕೊಂಡು ಹೋಗುತ್ತಾರೆ. ಹೋಗಲಿ, ಪಂದ್ಯದ ಅನುಭವ ಸಿಗುತ್ತದೆ. ಬಂದ ಮೇಲೆ ಎರಡು ದಿನ ವಿಶ್ರಾಂತಿ ಕೊಡಿ, ಅಷ್ಟೇ.

ಒಂದು ದಿನದ ಅಭ್ಯಾಸ 100 ನಿಮಿಷ: 12 ನಿಮಿಷ ವಾರ್ಮ್‌ಅಪ್, 15 ಡ್ರಿಬ್ಲಿಂಗ್ ಮತ್ತು ಪಾಸು, 20 ಶೂಟಿಂಗ್, 25 ನಿಮಿಷ ಒಂದು-ಒಂದರಿಂದ ಮೂರು-ಮೂರರವರೆಗೆ ಡಿಫೆನ್ಸ್, 20 ಐದು-ಐದು, ಕೊನೆಗೆ 8 ನಿಮಿಷ ಫ್ರೀ ಥ್ರೋ ಮತ್ತು ಸ್ಟ್ರೆಚಿಂಗ್. ದಮ್ಮಿಗೆ ಕೋರ್ಟ್‌ನ ಅಡ್ಡ ಓಟ ಹೇಳಿಮಾಡಿಸಿದ್ದು. ಒಂದು ಪಕ್ಕದ ಗೆರೆಯಿಂದ ಇನ್ನೊಂದಕ್ಕೆ 17 ಸಲ, ಒಟ್ಟು 255 ಮೀಟರ್. ಮೂರನೇ ವಾರ 75 ಸೆಕೆಂಡಿಗೆ ಮುಗಿಸುವವರು ಏಳನೇ ವಾರಕ್ಕೆ 65ಕ್ಕೆ ಬಂದರೆ ತಂಡ ಸರಿದಾರಿಯಲ್ಲಿದೆ. ಎರಡು ನಿಮಿಷ ಬಿಡುವು ಕೊಟ್ಟು ಮೂರು ಸಲ ಓಡಿಸಿ. ಜಿಗಿತದ ವ್ಯಾಯಾಮ ಮಾತ್ರ ಸಿಮೆಂಟ್ ಮೇಲೆ ಬೇಡವೇ ಬೇಡ. ಮೊಣಕಾಲ ಕೆಳಗಿನ ಮೂಳೆಯ ಮುಂಭಾಗ ನೋಯಲು ಶುರುವಾದರೆ ಮೂರು ವಾರ ಹೋಯಿತು. ಪಕ್ಕದ ಮಣ್ಣಿನ ಮೈದಾನದಲ್ಲಿ ಮಾಡಿಸಿ. ಶೂ ವಿಷಯಕ್ಕೂ ಒಂದು ಮಾತು: ಓಟಕ್ಕೆಂದು ಮಾಡಿದ ಎತ್ತರದ, ಮೆತ್ತಗಿನ ಹಿಮ್ಮಡಿಯ ಶೂ ಹಾಕಿಕೊಂಡು ಪಕ್ಕಕ್ಕೆ ಜಾರಿದರೆ ಕಣಕಾಲು ಹೊರಳುತ್ತದೆ.

ಪ್ರೆಸ್ ಒಡೆಯುವುದು

ಅಂತರ ಕಾಲೇಜು ಮಟ್ಟದಲ್ಲಿ ಹತ್ತು ಪಾಯಿಂಟ್ ಅಂತರ ಎರಡೇ ನಿಮಿಷದಲ್ಲಿ ಕರಗುವುದು ಫುಲ್ ಕೋರ್ಟ್ ಪ್ರೆಸ್‌ನಿಂದ. ಎದುರಾಳಿ ಬ್ಯಾಸ್ಕೆಟ್ ಮಾಡುತ್ತಾನೆ, ನಿಮ್ಮವನು ಗಡಿಬಿಡಿಯಲ್ಲಿ ಚೆಂಡು ಒಳಗೆಸೆಯುತ್ತಾನೆ, ಹಿಡಿದವನು ಹಿಡಿದ ಕ್ಷಣವೇ ತಲೆ ತಗ್ಗಿಸಿ ಡ್ರಿಬಲ್ ಹೊಡೆಯುತ್ತ ಮೂಲೆಗೆ ಹೋಗುತ್ತಾನೆ. ಮೂಲೆಯಲ್ಲಿ ಇಬ್ಬರು ಮುತ್ತುತ್ತಾರೆ. ಪಕ್ಕದ ಗೆರೆ ಮೂರನೆಯವನು, ತುದಿಗೆರೆ ನಾಲ್ಕನೆಯವನು. ಡ್ರಿಬಲ್ ನಿಲ್ಲಿಸಿದ ಮೇಲೆ ಅವನಿಗೆ ಉಳಿಯುವುದು ತಲೆಯ ಮೇಲಿಂದ ತೇಲಿಸುವ ಪಾಸೊಂದೇ, ಅದು ಸೀದಾ ಅವರ ಕೈಗೆ.

ಇದನ್ನು ಹೀಗೆ ಕಲಿಸಿ. ಚೆಂಡು ಒಳಗೆ ಹಾಕುವವನು ಎತ್ತರದವನೂ ತಾಳ್ಮೆಯವನೂ ಆಗಿರಲಿ. ಅವನು ಬೋರ್ಡಿನ ನೇರ ಹಿಂದೆ ನಿಲ್ಲಬಾರದು, ಒಂದು ಬದಿಗೆ ಸರಿಯಬೇಕು. ಎದುರಾಳಿ ಬ್ಯಾಸ್ಕೆಟ್ ಮಾಡಿದ ಮೇಲಾದರೆ ತುದಿಗೆರೆಯ ಹಿಂದೆ ಅತ್ತಿತ್ತ ಓಡಲು ಅವನಿಗೆ ಅವಕಾಶವಿದೆ. ಫೌಲ್ ಅಥವಾ ವಯಲೇಶನ್ (ಫೌಲ್ ಅಲ್ಲದ ನಿಯಮಭಂಗ) ಆಗಿ ರೆಫರಿ ಜಾಗ ತೋರಿಸಿದ್ದರೆ ಓಡುವಂತಿಲ್ಲ. ಈ ಎರಡರ ವ್ಯತ್ಯಾಸ ಅವನಿಗೆ ನಿದ್ದೆಯಲ್ಲೂ ಗೊತ್ತಿರಬೇಕು. ಪಾಸು ಬಿಡಲು 5 ಸೆಕೆಂಡ್.

ಇಬ್ಬರು ಗಾರ್ಡ್‌ಗಳು (ಚೆಂಡು ತರುವವರು) ಫ್ರೀ ಥ್ರೋ ಗೆರೆಯ ಎರಡು ತುದಿಯಲ್ಲಿ, ಒಬ್ಬ ಎತ್ತರದವನು ಮಧ್ಯಗೆರೆಯ ನಡುವೆ, ಐದನೆಯವನು ಆಚೆ ರಿಂಗಿನ ಹತ್ತಿರ. ಗಾರ್ಡ್ ಚೆಂಡು ಹಿಡಿದ ಕೂಡಲೇ ಮೊದಲ ಕೆಲಸ ತಿರುಗುವುದು: ಪಿವಟ್ ಮಾಡಿ, ಎದೆ ನಾವು ಬ್ಯಾಸ್ಕೆಟ್ ಮಾಡಬೇಕಾದ ರಿಂಗಿನ ಕಡೆಗೆ, ಚೆಂಡು ಗದ್ದದ ಕೆಳಗೆ, ಮೊಣಕೈ ಹೊರಗೆ. ಡ್ರಿಬಲ್ ಇನ್ನೂ ಕೈಯಲ್ಲೇ ಇರಲಿ. ಅಷ್ಟರಲ್ಲಿ ಮಧ್ಯಗೆರೆಯವನು ಚೆಂಡಿನ ಕಡೆಗೆ ಎರಡು ಹೆಜ್ಜೆ ಓಡಿಬರಬೇಕು. ನಿಂತಲ್ಲೇ ಕೈ ಚಾಚಿದರೆ ಹಿಂದಿನಿಂದ ಬಂದು ಕಸಿಯುತ್ತಾರೆ. ಮೊದಲ ನೋಟ ಅವನಿಗೆ, ನಡುವಿಗೆ. ಅದು ಮುಚ್ಚಿದ್ದರೆ ಪಕ್ಕದ ಗೆರೆಯ ಉದ್ದಕ್ಕೆ. ಅದೂ ಮುಚ್ಚಿದ್ದರೆ, ಚೆಂಡು ಒಳಗೆ ಹಾಕಿ ಈಗ ಹಿಂದೆ ನಿಂತಿರುವವನಿಗೇ ವಾಪಸ್ಸು ಕೊಟ್ಟು ಇನ್ನೊಂದು ಬದಿಗೆ ತಿರುಗಿಸಬೇಕು. ನಡುವಿನವನ ಕೈಗೆ ಚೆಂಡು ಸೇರಿತೋ, ಅವನು ತಿರುಗುತ್ತಾನೆ, ಎರಡೂ ಬದಿಯಲ್ಲಿ ಗಾರ್ಡ್‌ಗಳು ಓಡುತ್ತಾರೆ, ಎದುರಿಗೆ ಇಬ್ಬರೇ ಉಳಿದಿರುತ್ತಾರೆ. ಮೂವರ ಮೇಲೆ ಇಬ್ಬರು.

ಮಧ್ಯಗೆರೆ ದಾಟಲು 8 ಸೆಕೆಂಡ್, ಲೆಕ್ಕ ಶುರುವಾಗುವುದು ಒಳಗಿರುವವನು ಚೆಂಡು ಮುಟ್ಟಿದಾಗಿನಿಂದ. ಎಂಟು ಸೆಕೆಂಡ್ ಹುಡುಗರಿಗೆ ಎರಡರಂತೆ ಅನ್ನಿಸುತ್ತದೆ, ಆದ್ದರಿಂದ ಅಭ್ಯಾಸದಲ್ಲಿ ಬೆಂಚಿನವರು ಗಟ್ಟಿಯಾಗಿ ಎಣಿಸಲಿ. ನಾಲ್ಕು ಪಾಸಿಗೂ ಸಮಯ ಉಳಿಯುತ್ತದೆ ಎಂಬುದು ಅವರಿಗೆ ಕಿವಿಯಾರೆ ಗೊತ್ತಾಗಬೇಕು. ಕೊನೆಗೆ ಐವರ ಮೇಲೆ ಏಳು ಜನರನ್ನು ಬಿಟ್ಟು ಆಡಿಸಿ. ಏಳು ಜನರ ನಡುವೆ ಚೆಂಡು ದಾಟಿಸಿದವರಿಗೆ ಪಂದ್ಯದಲ್ಲಿ ಐದು ಜನ ಕಡಿಮೆಯೆನಿಸುತ್ತಾರೆ.

ಝೋನ್, ಗಾಳಿ, ಬೋರ್ಡ್

ಬಯಲು ಕೋರ್ಟ್‌ನಲ್ಲಿ ಗಾಳಿಗೆ ದೂರದ ಶಾಟ್ ನಂಬುವಂತಿಲ್ಲ, ಆದ್ದರಿಂದ ಹೆಚ್ಚಿನ ತಂಡಗಳು 2-3 ಝೋನ್ (ಮುಂದೆ ಇಬ್ಬರು, ಹಿಂದೆ ಮೂವರು) ಹಾಕಿ ಕೂರುತ್ತವೆ. ನೀವೂ ಹಾಕಬಹುದು, ದಿನದ ಎರಡನೇ ಪಂದ್ಯದಲ್ಲಿ ಕಾಲಿಗೆ ಅದೊಂದು ಬಿಡುವು. ಆದರೆ ಮ್ಯಾನ್-ಟು-ಮ್ಯಾನ್ ಕಲಿಯದೆ ಝೋನ್‌ಗೆ ಇಳಿದ ತಂಡ ನಿಂತುಕೊಂಡು ಆಡುವುದನ್ನೇ ಕಲಿಯುತ್ತದೆ. ಝೋನ್‌ನ ಇನ್ನೊಂದು ಕೆಡುಕು ರಿಬೌಂಡ್, ಅಂದರೆ ತಪ್ಪಿದ ಶಾಟ್‌ನ ಚೆಂಡು ಹಿಡಿಯುವುದು: ಇವನು ನನ್ನವನು ಎಂಬ ಲೆಕ್ಕ ಇಲ್ಲದ್ದರಿಂದ ಯಾರೂ ಯಾರನ್ನೂ ತಡೆಯುವುದಿಲ್ಲ. ಶಾಟ್ ಹೋದ ಕೂಡಲೇ ಹತ್ತಿರದವನಿಗೆ ಬೆನ್ನು ಕೊಟ್ಟು ತಡೆ, ಆಮೇಲೆ ಜಿಗಿ. ಈ ಎರಡು ಮಾತನ್ನು ಅಭ್ಯಾಸದಲ್ಲಿ ಕೂಗಿಸಿ.

ಎದುರಾಳಿಯ 2-3 ಒಡೆಯಲು 1-3-1 (ಹೊರಗೆ ಒಬ್ಬ, ನಡುಸಾಲಿನಲ್ಲಿ ಮೂವರು, ರಿಂಗ್ ಹತ್ತಿರ ಒಬ್ಬ) ನಿಲ್ಲಿಸಿ. ಫ್ರೀ ಥ್ರೋ ಗೆರೆಯ ನಡುವೆ ನಿಮ್ಮ ಅತಿ ಎತ್ತರದವನ ಬದಲು ಒಳ್ಳೆಯ ಪಾಸು ಕೊಡುವವನನ್ನು ಹಾಕಿ. ಅವನ ಕೈಗೆ ಚೆಂಡು ಹೋದರೆ ಹಿಂದಿನ ಮೂವರಲ್ಲಿ ನಡುವಿನವನು ಮುಂದೆ ಬರಲೇಬೇಕು. ಬಂದರೆ ರಿಂಗ್ ಕೆಳಗೆ ಜಾಗ, ಬಾರದಿದ್ದರೆ ಅಲ್ಲಿಂದಲೇ ಶಾಟ್. ಬೋರ್ಡಿಗೆ 45 ಡಿಗ್ರಿಯಲ್ಲಿರುವ ಜಾಗದಿಂದ ಬೋರ್ಡ್ ಬಳಸಿ ಹೊಡೆಯುವುದನ್ನು ಈಗಿನ ಹುಡುಗರು ಮರೆತೇಬಿಟ್ಟಿದ್ದಾರೆ. ಗಾಳಿಯಲ್ಲಿ ಅದಕ್ಕಿಂತ ನೆಚ್ಚಬಹುದಾದ ಶಾಟ್ ಇನ್ನೊಂದಿಲ್ಲ.

ಫ್ರೀ ಥ್ರೋ

ಒಂದು ಕ್ವಾರ್ಟರಿನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ. ತಳ್ಳಾಟದ ಪಂದ್ಯದಲ್ಲಿ ನಿಮಗೆ 16 ಅವಕಾಶ ಸಿಕ್ಕಿತೆನ್ನಿ. ಅರ್ಧ ಹಾಕಿದರೆ 8, ನೂರಕ್ಕೆ ಎಪ್ಪತ್ತರಂತೆ ಹಾಕಿದರೆ 11. ಮೂರು ಪಾಯಿಂಟ್‌ನಲ್ಲಿ ಸೋತು ಬಂದ ತಂಡಗಳು ಈ ಲೆಕ್ಕವನ್ನು ಸ್ಕೋರ್‌ಶೀಟ್‌ನಲ್ಲಿ ನೋಡಿಕೊಳ್ಳಲಿ.

ತಣ್ಣಗೆ ನಿಂತು ಐವತ್ತು ಹೊಡೆಯುವುದರಿಂದ ಪಂದ್ಯದ ಫ್ರೀ ಥ್ರೋ ಬರುವುದಿಲ್ಲ. ಉಸಿರು ಮೇಲೆ ಕೆಳಗೆ ಆಗುತ್ತಿರುವಾಗ ಎರಡೇ ಎರಡು ಸಿಗುವುದು ಪಂದ್ಯದಲ್ಲಿ. ಅಭ್ಯಾಸವೂ ಹಾಗೇ ಇರಲಿ: ಒಂದು ಕೊನೆಯಿಂದ ಇನ್ನೊಂದಕ್ಕೆ ಎರಡು ಸಲ ಓಡಿ ಬಂದು ಎರಡು ಹೊಡೆತ, ಮತ್ತೆ ಓಟ, ಮತ್ತೆ ಎರಡು. ದಿನಕ್ಕೆ ಒಬ್ಬೊಬ್ಬರಿಗೆ ಇಂಥ 20. ಹೆಸರಿನ ಮುಂದೆ ಬರೆದಿಡಿ. ಎಂಟು ವಾರದ ಆ ಪುಸ್ತಕ, ಕೊನೆಯ ನಿಮಿಷದಲ್ಲಿ ಚೆಂಡು ಯಾರ ಕೈಯಲ್ಲಿರಬೇಕು ಎಂಬುದನ್ನು ತಾನೇ ಹೇಳುತ್ತದೆ.

ಹುಡುಗಿಯರ ತಂಡಕ್ಕೆ

ಎಷ್ಟೋ ಕಾಲೇಜುಗಳಲ್ಲಿ ಏಳೆಂಟು ಜನರ ಮೇಲೆ ಸಿಗುವುದಿಲ್ಲ, ಅದರಲ್ಲೂ ಇಬ್ಬರು ಮೊದಲ ಸಲ ಚೆಂಡು ಹಿಡಿದವರು. ಜನ ಇಲ್ಲವೆಂದು ತಂಡ ಕಳಿಸದೆ ಇರಬೇಡಿ. ಐವರಿದ್ದರೆ ಪಂದ್ಯ ಶುರುವಾಗುತ್ತದೆ. ಏಳು ಜನರ ತಂಡ ಪ್ರೆಸ್ ಹಾಕಬಾರದು, ಫೌಲ್ ಉಳಿಸಿಕೊಳ್ಳಬೇಕು. ಮೊದಲರ್ಧದಲ್ಲೇ ಮೂರು ಫೌಲ್ ಆದವರನ್ನು ಕೂರಿಸಿ. 2-3 ಝೋನ್, ನಿಧಾನದ ಆಟ, ಶಾಟ್ ಹೊಡೆಯಲು ಸಿಗುವ 24 ಸೆಕೆಂಡಿನಲ್ಲಿ 15 ಕಳೆಯುವವರೆಗೆ ಪಾಸು. ಅಭ್ಯಾಸ ಅರ್ಧ ಕೋರ್ಟ್‌ನಲ್ಲಿ ಮೂರು-ಮೂರು. ಹೊಸಬರಿಗೆ ಒಂದೇ ಕೈಯ ಲೇಅಪ್ ಮತ್ತು ಬೆನ್ನು ಕೊಟ್ಟು ತಡೆಯುವುದು, ಇವೆರಡನ್ನೇ ಕಲಿಸಿ. ಅಭ್ಯಾಸದ ಸಮಯ ಬೆಳಕಿರುವಾಗಲೇ ಮುಗಿಯುವಂತಿರಲಿ, ಹಾಸ್ಟೆಲ್ ಗೇಟಿನ ಸಮಯ ಮತ್ತು ಊರಿನ ಕೊನೆಯ ಬಸ್ಸು ನೋಡಿಕೊಂಡು ಇಡಿ. ಅರ್ಧದಲ್ಲಿ ಬಿಟ್ಟು ಹೋಗುವವರು ಬಹಳಷ್ಟು ಸಲ ಆಟ ಬೇಡವಾಗಿ ಹೋದವರಲ್ಲ, ಬಸ್ಸಿಗಾಗಿ ಹೋದವರು.

ಪಂದ್ಯದ ದಿನ

ಜೆರ್ಸಿ ಎರಡು ಸೆಟ್: ಒಂದು ತಿಳಿ, ಒಂದು ಗಾಢ. ಕಾರ್ಯಕ್ರಮ ಪಟ್ಟಿಯಲ್ಲಿ ಮೊದಲು ಹೆಸರಿರುವ ತಂಡ ತಿಳಿ ಬಣ್ಣ ಹಾಕಬೇಕು. ನಂಬರ್ ಮುಂದೆ 10, ಹಿಂದೆ 20 ಸೆಂಟಿಮೀಟರ್ ಎತ್ತರ ಇದ್ದರೆ ಯಾರೂ ತಕರಾರು ಎತ್ತುವುದಿಲ್ಲ. ಜೆರ್ಸಿ ಒಳಗೆ ಟೀ ಶರ್ಟ್ ನಡೆಯುವುದಿಲ್ಲ.

ಆಟಗಾರರ ಹೆಸರು, ನಂಬರ್ ಪಟ್ಟಿಯನ್ನು 40 ನಿಮಿಷ ಮೊದಲೇ ಸ್ಕೋರರ್‌ಗೆ ಕೊಡಿ. 10 ನಿಮಿಷ ಮೊದಲು ಮೊದಲ ಐವರನ್ನು ಗುರುತಿಸಿ ಸಹಿ ಮಾಡುವಾಗ ಪ್ರತಿ ನಂಬರನ್ನೂ ಬೆರಳಿಟ್ಟು ಓದಿ. ನಿಗದಿತ ಸಮಯಕ್ಕೆ 15 ನಿಮಿಷ ಕಳೆದರೂ ಐವರು ಇಲ್ಲದಿದ್ದರೆ ಪಂದ್ಯ 20–0ಕ್ಕೆ ಎದುರಾಳಿಯದು. ಬೆಳಗಿನ ಮೊದಲ ಪಂದ್ಯವಿದ್ದು ಊರು ಎರಡು ಗಂಟೆಗಿಂತ ದೂರವಿದ್ದರೆ ಹಿಂದಿನ ರಾತ್ರಿಯೇ ತಲುಪಿ. ಟಿಎ, ಡಿಎ ಮುಂಗಡಕ್ಕೆ ಅರ್ಜಿ ಹದಿನೈದು ದಿನ ಮೊದಲೇ ಹೋಗಿರಲಿ.

ನಿಮಿಷಗಳ ಹಂಚಿಕೆ ಹೊರಡುವ ಮೊದಲೇ ಕಾಗದದ ಮೇಲಿರಬೇಕು. ಒಂದು ಪಂದ್ಯ ಅಂದರೆ ಐವರಿಗೆ 40ರಂತೆ 200 ನಿಮಿಷ. ಮೊದಲ ಐವರು 28ರಂತೆ 140, ಉಳಿದ 60ರಲ್ಲಿ ನಾಲ್ವರಿಗೆ 15ರಂತೆ. ಬಲಹೀನ ತಂಡದ ಎದುರು ಅಂತರ 15 ದಾಟಿದರೆ ಮೊದಲ ಐವರನ್ನು ಕೂರಿಸಿಬಿಡಿ, ಸಂಜೆಗೆ ಬೇಕಾಗುತ್ತಾರೆ. ಬದಲಿ ಆಟಗಾರ ತಾನೇ ಮೇಜಿನ ಹತ್ತಿರ ಹೋಗಿ ಕೇಳಬೇಕು. ನೀವು ಬೆಂಚಿನಿಂದ ಕೂಗಿದರೆ ಅದು ಲೆಕ್ಕಕ್ಕಿಲ್ಲ.

ಟೈಮ್‌ಔಟ್ ಮೊದಲರ್ಧದಲ್ಲಿ ಎರಡು, ಎರಡನೆಯರ್ಧದಲ್ಲಿ ಮೂರು. ಆದರೆ ಕೊನೆಯ ಕ್ವಾರ್ಟರಿನ ಕೊನೆಯ ಎರಡು ನಿಮಿಷದಲ್ಲಿ ಎರಡರ ಮೇಲೆ ಸಿಗುವುದಿಲ್ಲ. ಮೂರನ್ನೂ ಉಳಿಸಿಕೊಂಡು ಕೂತವನಿಗೆ ಒಂದು ನಷ್ಟ. ಆ ಎರಡು ನಿಮಿಷದಲ್ಲಿ ನಿಮ್ಮ ಹಿಂದಿನ ಅರ್ಧದಿಂದ ಚೆಂಡು ನಿಮಗೇ ಬರಬೇಕಿದ್ದು ನೀವು ಟೈಮ್‌ಔಟ್ ತೆಗೆದುಕೊಂಡರೆ, ಚೆಂಡನ್ನು ಮುಂದಿನ ಅರ್ಧದ ಪಕ್ಕದ ಗೆರೆಯಿಂದ ಹಾಕಲು ಕೇಳಬಹುದು. ಒಂದು ಪಾಯಿಂಟ್ ಹಿಂದಿದ್ದು ಆರು ಸೆಕೆಂಡ್ ಉಳಿದಿರುವಾಗ ಇದು ತಂಡವನ್ನೇ ಉಳಿಸುತ್ತದೆ. ಅಲ್ಲಿಂದ ಹಾಕಿ ಹೊಡೆಯುವ ಒಂದೇ ಒಂದು ಯೋಜನೆ ಒಂಬತ್ತನೇ ವಾರದಲ್ಲೇ ಕೂತಿರಲಿ.

ಊಟ ಪಂದ್ಯಕ್ಕೆ ಮೂರು ಗಂಟೆ ಮೊದಲು. ಬೆಳಿಗ್ಗೆ ಇಡ್ಲಿ, ಎರಡು ಪಂದ್ಯದ ನಡುವೆ ಬಾಳೆಹಣ್ಣು, ಮೊಸರನ್ನ, ಎಳನೀರು. ಪೂರಿ, ಬಜ್ಜಿ, ಬಿರಿಯಾನಿ ಕೊನೆಯ ಪಂದ್ಯ ಮುಗಿದ ಮೇಲೆ. ಒಆರ್‌ಎಸ್‌ನ ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗೆ ಗಟ್ಟಿಯಾಗಿ ಕಲಸಿದರೆ ಹೊಟ್ಟೆ ತೊಳಸುತ್ತದೆ.

ಕಣಕಾಲು ಹೊರಳಿದಾಗ ಎಣ್ಣೆ ಹಚ್ಚಿ ತಿಕ್ಕುವ ಅಭ್ಯಾಸ ನಮ್ಮಲ್ಲಿ ಇನ್ನೂ ಹೋಗಿಲ್ಲ. ತಿಕ್ಕಿದರೆ ಒಳಗಿನ ರಕ್ತಸ್ರಾವ, ಬಾವು ಎರಡೂ ಹೆಚ್ಚುತ್ತವೆ. ಶೂ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ ಐಸ್ 15–20 ನಿಮಿಷ ಇಟ್ಟು, ಕ್ರೇಪ್ ಬ್ಯಾಂಡೇಜನ್ನು ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಿ, ಕಾಲು ಎತ್ತರಕ್ಕಿಡಿ. ಆ ಕಾಲ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆ ಇಡಲಾರನೆಂದರೆ ಎಕ್ಸ್-ರೇ ಬೇಕು, ಎಷ್ಟೇ ದೊಡ್ಡ ಪಂದ್ಯವಿದ್ದರೂ.

ಲೀಗ್‌ನ ಲೆಕ್ಕ

ಕೊನೆಯ ನಾಲ್ಕಕ್ಕೆ ಬಂದರೆ ಗೆಲುವಿಗೆ 2, ಸೋಲಿಗೆ 1 ಅಂಕ. ಮೂರು ತಂಡ ಸಮನಾದರೆ ಅವುಗಳ ನಡುವಿನ ಪಂದ್ಯಗಳ ಪಾಯಿಂಟ್ ಅಂತರವನ್ನಷ್ಟೇ ನೋಡುತ್ತಾರೆ. ‘ಅ’ ತಂಡ ‘ಬ’ಯನ್ನು 10ರಿಂದ, ‘ಬ’ ತಂಡ ‘ಕ’ಯನ್ನು 4ರಿಂದ, ‘ಕ’ ತಂಡ ‘ಅ’ವನ್ನು 3ರಿಂದ ಸೋಲಿಸಿದೆ ಎನ್ನಿ. ಅ +7, ಕ –1, ಬ –6. ‘ಬ’ ಮೂರನೇ ಸ್ಥಾನ. ಇದೇ ‘ಬ’ ತಂಡ ‘ಅ’ ಎದುರು ಕೊನೆಯ ನಿಮಿಷ ಕೈಚೆಲ್ಲದೆ 4ರಿಂದ ಸೋತಿದ್ದರೆ ಅ +1, ಬ 0, ಕ –1 ಆಗಿ ಎರಡನೇ ಸ್ಥಾನ ಅದರದ್ದಾಗುತ್ತಿತ್ತು. ಸೋತ ಪಂದ್ಯದಲ್ಲೂ ಕೊನೆಯ ಸೀಟಿಯವರೆಗೆ ಅಂತರ ಇಳಿಸುತ್ತಲೇ ಇರಬೇಕು. ನಾಲ್ಕನೇ ತಂಡವನ್ನು 40ರಿಂದ ಸೋಲಿಸಿದ್ದು ಈ ಲೆಕ್ಕದೊಳಗೆ ಬರುವುದೇ ಇಲ್ಲ.

ಪಂದ್ಯಾವಳಿ ಮುಗಿದ ಮೇಲೆ ವಿಶ್ವವಿದ್ಯಾಲಯ ತಂಡದ ಆಯ್ಕೆ, ಅಲ್ಲಿಂದ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿ, ಅದರಲ್ಲಿ ಮುಂದೆ ಬಂದರೆ ಅಖಿಲ ಭಾರತ ಮಟ್ಟ. ನಿಮ್ಮ ತಂಡ ಬೇಗ ಸೋತಿದ್ದರೂ ಚೆನ್ನಾಗಿ ಆಡಿದವರನ್ನು ಆಯ್ಕೆಗೆ ಕಳಿಸಿ, ಹೆಸರು ಕೂಗುವವರೆಗೆ ಅಲ್ಲೇ ಇರಲು ಹೇಳಿ. ಬಸ್ಸು ಹಿಡಿಯುವ ಮೊದಲು ನಿಮ್ಮ ಎಲ್ಲ ಪಂದ್ಯಗಳ ಸ್ಕೋರ್‌ಶೀಟ್‌ಗಳ ಫೋಟೊ ತೆಗೆದುಕೊಳ್ಳಿ, ಜೆರ್ಸಿಗಳನ್ನು ಎಣಿಸಿ ಚೀಲಕ್ಕೆ ಹಾಕಿ. ಊರಿಗೆ ಬಂದ ವಾರದೊಳಗೆ ಪ್ರತಿಯೊಬ್ಬರ ಫೌಲ್, ಫ್ರೀ ಥ್ರೋ, ಆಡಿದ ಕ್ವಾರ್ಟರ್‌ಗಳನ್ನು ಅದೇ ಪುಸ್ತಕಕ್ಕೆ ಏರಿಸಿ. ಮುಂದಿನ ವರ್ಷದ ಮೊದಲ ದಿನ ತೆರೆಯಬೇಕಾದ ಪುಟ ಅದು.